ಬರೆದಾಯಿತು ಎಂದ ಮೇಲೂ ಬರೆಯುವ ಡಿಸ್ಕು

2020ರ ಅಕ್ಟೋಬರ್ 12, ಸೋಮವಾರ. ರಾತ್ರಿ ಪಾಳಿ ಮುಗಿಸಿ ರಬಾಳೆಯ ಕೋಣೆಗೆ ಬಂದವನು, ಮಲಗುವ ಮೊದಲು ಒಂದು ಕೆಲಸ ಮುಗಿಸಿಬಿಡೋಣ ಎಂದು ಲ್ಯಾಪ್‌ಟಾಪ್ ತೆರೆದಿದ್ದೆ. ಡೊಂಬಿವಲಿಯ ಮಾಮನ ಮನೆಯಲ್ಲಿದ್ದ ಹಳೆಯ ರಿಜಿಸ್ಟರುಗಳ ಫೋಟೋಗಳು ಅದರಲ್ಲಿದ್ದವು. ಒಟ್ಟು 22 ಜಿಬಿ. ಲ್ಯಾಪ್‌ಟಾಪಿನಲ್ಲಿ ಜಾಗ ಮುಗಿಯುತ್ತ ಬಂದಿತ್ತು. ಹಾಗಾಗಿ ಎಲ್ಲವನ್ನೂ ಹೊರಗಿನ ಒಂದು ದೊಡ್ಡ ಡಿಸ್ಕಿಗೆ ಸಾಗಿಸಿ, ಆ ಡಿಸ್ಕನ್ನೇ ಮಾಮನಿಗೆ ಕೊಡುವುದೆಂದು ಮಾತಾಗಿತ್ತು. ನಕಲು ಮಾಡಲಿಲ್ಲ, ಕತ್ತರಿಸಿ ಅಂಟಿಸಿದೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ.

ಪರದೆಯ ಮೇಲಿನ ಹಸಿರು ಪಟ್ಟಿ ತುದಿ ಮುಟ್ಟಿ ಮಾಯವಾಯಿತು. ಡಿಸ್ಕನ್ನು ಕಳಚುವ ಗುಂಡಿ ಒತ್ತಿದೆ. ಬರೆಯುತ್ತಿದ್ದೇನೆ, ತೆಗೆಯಬೇಡ ಎಂಬ ಅರ್ಥದ ಒಂದು ಸೂಚನೆ ಬಂತು, ಬಂದದ್ದು ಹೋಗಲಿಲ್ಲ. ಒಂದು ನಿಮಿಷ ಕಳೆಯಿತು, ಎರಡಾಯಿತು. ಅಷ್ಟರಲ್ಲಿ ಮಾಮನ ಫೋನು.

"ಆಯ್ತಾ ಮಾರಾಯ?"

"ಆಯ್ತು ಮಾಮ, ಎಲ್ಲ ಹೋಗಿದೆ. ಡಿಸ್ಕ್ ಬಿಡ್ತಾ ಇಲ್ಲ, ಅಷ್ಟೇ."

"ಬಿಡ್ತಾ ಇಲ್ಲ ಅಂದ್ರೆ ಎಂತದು? ಎಳೆದು ತೆಗಿ."

ಎಳೆಯಲಿಲ್ಲ. ಎಳೆಯುವ ಪ್ರಮೇಯವೇ ಬರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಫ್ಯಾನು ನಿಧಾನವಾಯಿತು, ನಿಂತಿತು. ಮುಂಬಯಿ, ಠಾಣೆ, ನವಿ ಮುಂಬಯಿ ಎಲ್ಲ ಕಡೆ ಒಮ್ಮೆಲೇ ಕರೆಂಟು ಹೋದ ದಿನ ಅದು. ಲೋಕಲ್ ರೈಲುಗಳು ಹಳಿಗಳ ಮೇಲೆ ನಿಂತಲ್ಲೇ ನಿಂತವು. ಕಳವಾ–ಪಡಘಾ ನಡುವಿನ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಆದ ತೊಂದರೆ ಎಂದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಕಳವಾ ಎಂದರೆ ನಮಗೆ ದೂರದ ಊರಲ್ಲ, ಇಲ್ಲೇ ಪಕ್ಕದ್ದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಅದು ಏನೂ ಆಗದಂತೆ ಬೆಳಗುತ್ತಿತ್ತು. ಡಿಸ್ಕು ಮಾತ್ರ ದೊಡ್ಡ ಜಾತಿಯದು, ತನ್ನದೇ ಅಡಾಪ್ಟರಿನಿಂದ ನಡೆಯುವಂಥದ್ದು. ಒಳಗಿನ ತಟ್ಟೆ ತಿರುಗುವುದು ನಿಲ್ಲುವ ಸಣ್ಣ ಸದ್ದು ಕೇಳಿಸಿತು. ಕಳಚುವ ಸೂಚನೆ ಇನ್ನೂ ಪರದೆಯ ಮೇಲೆ ಹಾಗೇ ಇತ್ತು.

ರಬಾಳೆ ಗೊತ್ತಿಲ್ಲದವರಿಗೆ ಎರಡು ಮಾತು. ಠಾಣೆಯಿಂದ ಹೊರಡುವ ಟ್ರಾನ್ಸ್‌ಹಾರ್ಬರ್ ಲೈನಿನಲ್ಲಿ ಐರೋಲಿ ಆದ ಮೇಲೆ, ಘಣಸೋಲಿಗೆ ಮೊದಲು ಸಿಗುವ ಸ್ಟೇಷನ್ ಇದು. 2004ರ ನವೆಂಬರಿನಲ್ಲಿ ಈ ಲೈನು ಶುರುವಾಗುವವರೆಗೆ ಇಲ್ಲಿಗೆ ಬರುವವರು ಠಾಣೆ–ಬೇಲಾಪುರ ರಸ್ತೆಯ ಬಸ್ಸನ್ನೇ ನಂಬಬೇಕಿತ್ತು. ರಸ್ತೆಯ ಬದಿಗೆ ಎಂಐಡಿಸಿಯ ಟಿಟಿಸಿ ಕೈಗಾರಿಕಾ ಪ್ರದೇಶ. ಒಂದು ಕಾಲಕ್ಕೆ ರಾಸಾಯನಿಕ, ಔಷಧಿ, ಎಂಜಿನಿಯರಿಂಗ್ ಕಾರ್ಖಾನೆಗಳಿಗೆ ಹೆಸರಾಗಿದ್ದ ಈ ಪಟ್ಟಿಯಲ್ಲಿ ಈಗ ಕಿಟಕಿಯಿಲ್ಲದ ಎತ್ತರದ ಕಟ್ಟಡಗಳು ಎದ್ದಿವೆ. ಅವು ಡೇಟಾ ಸೆಂಟರುಗಳು. ದೇಶದ ಎಷ್ಟೋ ಬ್ಯಾಂಕುಗಳ, ಅಂಗಡಿಗಳ, ಸಿನಿಮಾಗಳ ಡಿಸ್ಕುಗಳು ನಮ್ಮ ಬೀದಿಯ ಆಚೆ ತಿರುಗುತ್ತಿರುತ್ತವೆ. ಅಂಥದೊಂದರಲ್ಲಿ ನನಗೆ ಪಾಳಿ. ಅಲ್ಲಿ ಆ ದಿನ ಬ್ಯಾಟರಿ, ಅದರ ಹಿಂದೆಯೇ ಡೀಸೆಲ್ ಜನರೇಟರ್ ಎದ್ದವು. ಒಂದು ದೀಪವೂ ಮಿಣುಕಲಿಲ್ಲ. ಅರ್ಧ ಕಿಲೋಮೀಟರ್ ಈಚೆ, ನನ್ನ ಕೋಣೆಯಲ್ಲಿ, ಮಾಮನ ರಿಜಿಸ್ಟರಿನ 212 ಫೋಟೋ ಹೋದವು.

ಏನಿತ್ತು ಅವುಗಳಲ್ಲಿ ಎಂದು ಹೇಳದಿದ್ದರೆ ಈ ಕಥೆ ಬರೀ ವೈರಿನ ಕಥೆಯಾಗುತ್ತದೆ. ಮಾಮ ಹಗಲು ಬ್ಯಾಂಕಿನಲ್ಲಿ ಗುಮಾಸ್ತ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಮಾಸ್ತರು. ಊರಿಂದ ಬಂದು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಕೆಲಸ ಮುಗಿಸಿ ಬಂದು ಕಲಿಯುತ್ತಿದ್ದ ಶಾಲೆಗಳು ಅವು. ಮುಂಬಯಿ ಕನ್ನಡದ ಚರಿತ್ರೆ ಬರೆಯುವವರು ಬಿಡದೆ ನೆನೆಯುವಂಥವು. ಶಾಲೆ ಮುಚ್ಚಿದಾಗ ಹಾಜರಿ ಪುಸ್ತಕಗಳು ರದ್ದಿಗೆ ಹೋಗುವುದಿತ್ತು, ಮಾಮ ಮನೆಗೆ ಹೊತ್ತು ತಂದರು. ಹೆಸರು, ಊರು, ವಯಸ್ಸು, ಕೆಲಸ ಮಾಡುವ ಹೋಟೆಲು, ಬಂದ ದಿನ, ಬಿಟ್ಟ ದಿನ. 2005ರ ಜುಲೈ 26ರ ಮಳೆಯಲ್ಲಿ ನೆಲಮಹಡಿಯ ಮನೆಗೆ ನೀರು ನುಗ್ಗಿ ಅವು ತೊಯ್ದವು. ಒಣಗಿದ ಮೇಲೆ ಹಾಳೆಗಳು ಹಪ್ಪಳದ ಹಾಗೆ ಆಗಿದ್ದವು, ಒಂದೊಂದು ಹಾಳೆ ತಿರುವಿದಾಗಲೂ ಅಂಚು ಉದುರುತ್ತಿತ್ತು. ಲಾಕ್‌ಡೌನ್ ಸಡಿಲವಾದ ಮೇಲೆ ಭಾನುವಾರಗಳಂದು ಕೂತು ನಾವಿಬ್ಬರೂ ಅವನ್ನು ಫೋಟೋ ಹಿಡಿದಿದ್ದೆವು. ಕೊನೆಯ ರಿಜಿಸ್ಟರು ಫೋಟೋ ಹಿಡಿಯುವಾಗಲೇ ಬಿಡಿಬಿಡಿಯಾಗಿ ಹೋಯಿತು. ಹೋದ ಫೋಟೋಗಳು ಅದರವು.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿತು. ಹಸಿರು ಪಟ್ಟಿ ತುದಿ ಮುಟ್ಟಿದ ಮೇಲೂ ಬರೆಯುವುದು ಬಾಕಿಯಿತ್ತು ಎಂದರೆ, ಆ ಪಟ್ಟಿ ಸುಳ್ಳು ಹೇಳಿತೇ? ಹೇಳಿತ್ತು. ಆ ಸುಳ್ಳಿಗೆ ಈಗ ಐವತ್ತು ದಾಟಿದ ಪ್ರಾಯ.

ಮೌಂಟ್ ಎಂಬ ಪದದಿಂದಲೇ ಶುರು ಮಾಡೋಣ. ಗ್ನೋಮ್ ಎಂಬ ಲಿನಕ್ಸ್ ಮೇಜಿನ ಕನ್ನಡ ಅನುವಾದದಲ್ಲಿ ಇದಕ್ಕೆ ಆರೋಹಿಸು, ಕಳಚುವುದಕ್ಕೆ ಅವರೋಹಿಸು ಎಂದಿದೆ. ಮಾಮನಿಗೆ ತೋರಿಸಿದಾಗ "ಇದೆಂತ, ಸಂಗೀತದ ಪಾಠವಾ?" ಎಂದು ನಕ್ಕಿದ್ದರು. ಅನುವಾದಕರ ತಪ್ಪೇನೂ ಅಲ್ಲ, ನಿಘಂಟು ಹಾಗೇ ಹೇಳುತ್ತದೆ. ಆದರೆ ಪದದ ಹುಟ್ಟು ಬೆಟ್ಟ ಹತ್ತುವುದರಲ್ಲಿಲ್ಲ. ಟೇಪಿನ ಸುರುಳಿಯನ್ನೋ ಡಿಸ್ಕಿನ ಪೆಟ್ಟಿಗೆಯನ್ನೋ ಒಬ್ಬ ಆಪರೇಟರು ಕಪಾಟಿನಿಂದ ತಂದು ಯಂತ್ರದ ತಿರುಗಣಿಗೆ ಏರಿಸಿ ಕೂರಿಸುತ್ತಿದ್ದನಲ್ಲ, ಅದೇ ಮೌಂಟ್. ನಮ್ಮ ಮುಂಬಯಿಯಲ್ಲೇ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1964ರಲ್ಲಿ ಸಿಡಿಸಿ 3600 ಯಂತ್ರ ಬಂದಿತ್ತು. ಆ ತಲೆಮಾರಿನ ಯಂತ್ರಗಳಲ್ಲೆಲ್ಲ ಟೇಪು ಏರಿಸುವುದು, ಇಳಿಸುವುದು ಒಂದು ನೌಕರಿಯೇ ಆಗಿತ್ತು. ಇಳಿಸುವ ಮೊದಲು ಯಂತ್ರ ನಿಂತಿದೆಯೇ ಎಂದು ಕಣ್ಣಿಂದ ನೋಡಬಹುದಿತ್ತು.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕಟ್ಟಿದ ಯುನಿಕ್ಸ್‌ನ ಮೊದಲ ಕೈಪಿಡಿಯ ತಾರೀಕು 1971ರ ನವೆಂಬರ್ 3. ಮೌಂಟ್ ಮತ್ತು ಯುಮೌಂಟ್ ಆಗಲೇ ಅದರಲ್ಲಿವೆ. ಅನ್‌ಮೌಂಟ್ ಎಂದಿಲ್ಲ, ನಡುವಿನ ನಕಾರ ಅಂದೇ ಬಿದ್ದುಹೋಗಿದೆ, ಇಂದಿಗೂ ಯಾರೂ ಎತ್ತಿ ಹಾಕಿಲ್ಲ. ಮೂರು ವರ್ಷದ ಮೇಲೆ, 1974ರಲ್ಲಿ, ಇಬ್ಬರೂ ಸೇರಿ ಬರೆದ ಪ್ರಸಿದ್ಧ ಲೇಖನದಲ್ಲಿ ಅವರ ಯಂತ್ರದ ವಿವರ ಇದೆ. 144 ಕಿಲೋಬೈಟ್ ಮೆಮೊರಿ. ತೆಗೆದು ಹಾಕಬಲ್ಲ 2.5 ಮೆಗಾಬೈಟ್ ಡಿಸ್ಕ್ ಹಾಕುವ ನಾಲ್ಕು ಡ್ರೈವುಗಳು. ಇಂದಿನ ಪೆನ್‌ಡ್ರೈವಿನ ಪೂರ್ವಜರು ಎಂದರೆ ಈ ತಟ್ಟೆಗಳೇ.

ಡಿಸ್ಕು ನಿಧಾನ, ಮೆಮೊರಿ ವೇಗ. ಪ್ರತಿ ಸಲವೂ ಡಿಸ್ಕಿಗೆ ಕಾಯುತ್ತ ಕೂತರೆ ಯಂತ್ರವನ್ನು ಹಂಚಿಕೊಂಡ ಹತ್ತಾರು ಮಂದಿಯ ಕೆಲಸ ನಿಲ್ಲುತ್ತದೆ. ಹಾಗಾಗಿ ಯುನಿಕ್ಸ್ ಒಂದು ಉಪಾಯ ಮಾಡಿತು. ನೀವು ಬರೆಯಲು ಕೊಟ್ಟದ್ದನ್ನು ಮೆಮೊರಿಯ ಒಂದು ಗೂಡಿನಲ್ಲಿ ಇಟ್ಟುಕೊಂಡು "ಆಯಿತು" ಎನ್ನುತ್ತದೆ, ಡಿಸ್ಕಿಗೆ ಬಿಡುವಿನಲ್ಲಿ ಬರೆಯುತ್ತದೆ. ನಡುವೆ ಯಾರಾದರೂ ಆ ಕಡತ ಓದಿದರೆ ಗೂಡಿನಿಂದಲೇ ಕೊಡುತ್ತದೆ, ಆದ್ದರಿಂದ ವ್ಯತ್ಯಾಸ ಯಾರಿಗೂ ತಿಳಿಯದು.

ಇದನ್ನು ಮಾಮನಿಗೆ ವಿವರಿಸಲು ಹೋದಾಗ ಅವರು ನನ್ನನ್ನು ಅರ್ಧಕ್ಕೇ ತಡೆದರು. "ಗೊತ್ತುಂಟು ಬಿಡು. ಕೌಂಟರಿನಲ್ಲಿ ದುಡ್ಡು ತಗೊಂಡು ಚಲನ್‌ಗೆ ಸಿಕ್ಕಾ ಹೊಡೆದು ಕೊಡ್ತಿದ್ದೆವು. ಗಿರಾಕಿ ಆಯ್ತು ಅಂತ ಹೋಗ್ತಿದ್ದ. ಲೆಜರಿಗೆ ಅದು ಏರ್ತಿದ್ದದ್ದು ಮಧ್ಯಾಹ್ನದ ಮೇಲೆ. ಸಂಜೆ ಟ್ಯಾಲಿ ಆಗದೆ ಮ್ಯಾನೇಜರು ಬೀಗ ಹಾಕ್ತಿರಲಿಲ್ಲ. ನಾಲ್ಕಾಣೆ ತಪ್ಪಿದ್ರೆ ನಾನು ರಾತ್ರಿಶಾಲೆಗೆ ಲೇಟು." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕಳಚುವ ಗುಂಡಿ ಒತ್ತುವುದೆಂದರೆ ಬ್ಯಾಂಕಿನ ಸಂಜೆಯ ಟ್ಯಾಲಿ. ಅಲ್ಲಿಯವರೆಗೆ ಕೊಟ್ಟ ಚಲನ್‌ಗಳೆಲ್ಲ ಆಗ ಲೆಜರಿಗೆ ಏರಬೇಕು.

ಮಾಮನ ಬ್ಯಾಂಕಿನಲ್ಲಿ ಲೆಜರಿಗೆ ಏರದ ಚಲನ್‌ಗಳು ಎಷ್ಟಿರಬಹುದಿತ್ತು? ಒಂದು ಮೇಜಿನ ಮೇಲೆ ಹಿಡಿಸುವಷ್ಟು. ಯುನಿಕ್ಸ್‌ನಲ್ಲಿ? 1975ರ ಆರನೆಯ ಆವೃತ್ತಿಯ ಮೂಲ ಸಂಕೇತಕ್ಕೆ ಆಸ್ಟ್ರೇಲಿಯಾದ ಜಾನ್ ಲಯನ್ಸ್ ಎಂಬ ಪ್ರಾಧ್ಯಾಪಕರು ಸಾಲುಸಾಲಾಗಿ ವ್ಯಾಖ್ಯಾನ ಬರೆದಿದ್ದಾರೆ, ವೇದಕ್ಕೆ ಸಾಯಣ ಬರೆದ ಹಾಗೆ. ಆ ಸಂಕೇತದಲ್ಲಿ ಗೂಡುಗಳ ಸಂಖ್ಯೆ 15. ಒಂದೊಂದು ಗೂಡಿಗೆ 512 ಬೈಟ್. ಗುಣಿಸಿದರೆ 7,680 ಬೈಟ್. ಕನ್ನಡದಲ್ಲಿ ಹತ್ತಿರಹತ್ತಿರ ಒಂದು ಪುಟದ ಪತ್ರ. ಎಲ್ಲ ಗೂಡುಗಳೂ ತುಂಬಿದ್ದರೂ ಅಂದಿನ ಡಿಸ್ಕಿಗೆ ಅವನ್ನು ಇಳಿಸಲು ಒಂದೆರಡು ಸೆಕೆಂಡು ಸಾಕು. ಯುಮೌಂಟ್ ಆಜ್ಞೆ ಮೊದಲು ಗೂಡುಗಳನ್ನೆಲ್ಲ ಡಿಸ್ಕಿಗೆ ತಳ್ಳುತ್ತಿತ್ತು, ಆಮೇಲೆ ಆ ಡಿಸ್ಕಿನ ಯಾವುದಾದರೂ ಕಡತವನ್ನು ಯಾರಾದರೂ ಹಿಡಿದಿದ್ದಾರೆಯೇ ಎಂದು ನೋಡುತ್ತಿತ್ತು. ಹಿಡಿದಿದ್ದರೆ "ಬಿಡುವಿಲ್ಲ" ಎಂದು ವಾಪಸು ಕಳಿಸುತ್ತಿತ್ತು. ತೆರೆದ ಕಡತವಿದ್ದರೆ ಇಂದಿಗೂ ಅದೇ ಉತ್ತರ.

ಇದರ ಅಪಾಯ ಕಟ್ಟಿದವರಿಗೆ ತಿಳಿಯದೆ ಇರಲಿಲ್ಲ. 1978ರಲ್ಲಿ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲಿನ ಯುನಿಕ್ಸ್ ವಿಶೇಷ ಸಂಚಿಕೆಯಲ್ಲಿ ಥಾಂಪ್ಸನ್ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬರೆಯುವುದನ್ನು ಮುಂದೂಡಿದರೆ ತಪ್ಪು ಆದಾಗ ಯಾರಿಗೆ ಹೇಳುವುದು ಎಂಬುದೇ ತಿಳಿಯದಾಗುತ್ತದೆ. ಬರೆದವನು ಆಗಲೇ ಮುಂದೆ ಹೋಗಿರುತ್ತಾನೆ. ಯಂತ್ರ ಅಚಾನಕ್ಕಾಗಿ ನಿಂತರೆ, ಲೆಕ್ಕದಲ್ಲಿ ಮುಗಿದಿದ್ದು ಡಿಸ್ಕಿನಲ್ಲಿ ಮುಗಿಯದ ಕೆಲಸ ಗೂಡುಗಳಲ್ಲಿ ಇದ್ದೇ ಇರುತ್ತದೆ. ಆಗಾಗ ಗೂಡು ಖಾಲಿ ಮಾಡುತ್ತಿದ್ದರೆ ತೊಂದರೆ ಕಡಿಮೆಯಾದೀತು, ಪರಿಹಾರವಾಗದು. ಇಷ್ಟು ಅವರ ಮಾತಿನ ಸಾರ. ನನ್ನ 212 ಫೋಟೋಗಳ ಮರಣ ಪ್ರಮಾಣಪತ್ರ ನಾನು ಹುಟ್ಟುವ ಮೊದಲೇ ತಯಾರಾಗಿತ್ತು ಎಂದು ಅದನ್ನು ಓದಿದ ದಿನ ಅನ್ನಿಸಿತು.

ಆಗಾಗ ಖಾಲಿ ಮಾಡಲು ಅಪ್‌ಡೇಟ್ ಎಂಬ ಪುಟ್ಟ ಪ್ರೋಗ್ರಾಮ್ ಇತ್ತು. 30 ಸೆಕೆಂಡಿಗೊಮ್ಮೆ ಎದ್ದು ಸಿಂಕ್ ಎಂಬ ಆಜ್ಞೆ ಕೊಟ್ಟು ಮತ್ತೆ ಮಲಗುವುದಷ್ಟೇ ಅದರ ಕೆಲಸ. ಯಂತ್ರ ನಿಲ್ಲಿಸುವ ಮೊದಲು ಸಿಂಕ್ ಎಂದು ಮೂರು ಸಲ, ಬೇರೆಬೇರೆ ಸಾಲಿನಲ್ಲಿ, ಟೈಪ್ ಮಾಡಬೇಕು ಎಂಬ ರೂಢಿ ಹಳೆಯ ಯುನಿಕ್ಸ್ ನಿರ್ವಾಹಕರಲ್ಲಿತ್ತು. ಮೂಢನಂಬಿಕೆಯಂತೆ ಕಾಣುತ್ತದೆ, ಆದರೆ ಒಳಗೆ ತಿರುಳಿದೆ. ಅಂದಿನ ಸಿಂಕ್ ಬರೆಯಲು ಹೇಳಿ ವಾಪಸು ಬರುತ್ತಿತ್ತು, ಮುಗಿಯುವವರೆಗೆ ಕಾಯುತ್ತಿರಲಿಲ್ಲ. ಎರಡನೆಯದನ್ನೂ ಮೂರನೆಯದನ್ನೂ ಟೈಪ್ ಮಾಡುವಷ್ಟರಲ್ಲಿ ಮೊದಲನೆಯದು ಹೇಳಿದ ಕೆಲಸ ಮುಗಿದಿರುತ್ತಿತ್ತು. ಲಿನಕ್ಸ್‌ನ ಸಿಂಕ್ 1.3.20 ಆವೃತ್ತಿಯಿಂದ ನಿಜವಾಗಿಯೂ ಕಾಯುತ್ತದೆ. ಒಂದು ಸಲ ಸಾಕು.

ಬೇರೆ ಯಂತ್ರಗಳು ಬೇರೆ ದಾರಿ ಹಿಡಿದವು. 1984ರ ಮೆಕಿಂಟಾಷ್‌ನಲ್ಲಿ ಫ್ಲಾಪಿ ತೆಗೆಯಲು ಹೊರಗೆ ಗುಂಡಿಯೇ ಇರಲಿಲ್ಲ. ಪರದೆಯ ಮೇಲಿನ ಡಿಸ್ಕಿನ ಚಿತ್ರವನ್ನು ಎಳೆದು ಕಸದಬುಟ್ಟಿಗೆ ಹಾಕಿದರೆ ಯಂತ್ರ ಬರೆಯುವುದನ್ನೆಲ್ಲ ಬರೆದು, ಮೋಟಾರಿನಿಂದ ಫ್ಲಾಪಿಯನ್ನು ಹೊರಗೆ ತಳ್ಳುತ್ತಿತ್ತು. ಬರೆದದ್ದು ಕಸಕ್ಕೆ ಹೋಗುತ್ತದೆಂದು ಹೆದರಿದವರೆಷ್ಟೋ. ಆದರೂ ಕೊಡುವ ಹಕ್ಕು ಯಂತ್ರದ ಕೈಯಲ್ಲಿತ್ತು, ಅದು ಸರಿಯಾದ ಬುದ್ಧಿ. ಪಿಸಿಯಲ್ಲಿ ಫ್ಲಾಪಿಯ ಗುಂಡಿ ನಮ್ಮ ಕೈಯಲ್ಲಿ; ಅದಕ್ಕೇ ಡಾಸ್, ವಿಂಡೋಸ್‌ಗಳು ತೆಗೆಯಬಲ್ಲ ಡಿಸ್ಕಿಗೆ ಸಾಮಾನ್ಯವಾಗಿ ಕೂಡಲೇ ಬರೆಯುವ ಕ್ರಮ ಇಟ್ಟುಕೊಂಡವು. 2018ರ ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಎಲ್ಲ ಡಿಸ್ಕುಗಳಿಗೂ ಅದೇ ಕ್ರಮ ಮೂಲಸ್ಥಿತಿಯಾಯಿತು. ಯಾರೂ ಕಳಚುವ ಗುಂಡಿ ಒತ್ತುವುದಿಲ್ಲ ಎಂಬುದನ್ನು ಆ ಕಂಪನಿ ಕೊನೆಗೂ ಒಪ್ಪಿಕೊಂಡಿತು ಎಂದು ನಾನು ಓದಿಕೊಂಡೆ.

ಲಿನಕ್ಸ್ ಕೂಡ ಒಮ್ಮೆ ಈ ದಾರಿ ತುಳಿದು ಕಾಲು ಸುಟ್ಟುಕೊಂಡಿದೆ. 2005ರ 2.6.12 ಆವೃತ್ತಿಯಲ್ಲಿ ಪೆನ್‌ಡ್ರೈವುಗಳ ಫ್ಯಾಟ್ ಕಡತ ವ್ಯವಸ್ಥೆಗೆ ಕೂಡಲೇ ಬರೆಯುವ ಆಯ್ಕೆ ನಿಜವಾಗಿ ಕೆಲಸ ಮಾಡತೊಡಗಿತು. ಡೆಸ್ಕ್‌ಟಾಪ್ ತಂತ್ರಾಂಶಗಳು ಆ ಆಯ್ಕೆಯಲ್ಲೇ ಪೆನ್‌ಡ್ರೈವನ್ನು ಏರಿಸುತ್ತಿದ್ದವು. ಫಲ ಏನೆಂದರೆ, ಒಂದು ದೊಡ್ಡ ಕಡತ ಬರೆಯುವಾಗ ಪ್ರತಿ ತುಂಡಿಗೂ ಫ್ಯಾಟ್ ಕೋಷ್ಟಕದ ಒಂದೇ ಜಾಗವನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ವೇಗ ಆಮೆಗಿಂತ ಕಡಿಮೆ. ಫ್ಲಾಷ್ ಮೆಮೊರಿಯ ಒಂದೇ ಜಾಗಕ್ಕೆ ಸಾವಿರಾರು ಸಲ ಬರೆದರೆ ಅದು ಸವೆಯುತ್ತದೆ. ಪೆನ್‌ಡ್ರೈವುಗಳು ಸತ್ತವೆಂಬ ದೂರುಗಳೂ ಬಂದವು. ಆಮೇಲೆ ಫ್ಲಷ್ ಎಂಬ ನಡುದಾರಿಯ ಆಯ್ಕೆ ಬಂತು: ಕೂಡಲೇ ಬರೆಯಬೇಡ, ಕಡತ ಮುಗಿದ ಕೂಡಲೇ ತಡಮಾಡದೆ ಬರೆ.

ಹೀಗೆ ನಾವು ನನ್ನ ಕೋಣೆಗೆ ಹತ್ತಿರ ಬಂದೆವು. ಈಗಿನ ಲಿನಕ್ಸ್‌ನಲ್ಲಿ ಗೂಡುಗಳಿಗೆ 15 ಎಂಬಂಥ ಎಣಿಕೆಯಿಲ್ಲ, ಶೇಕಡಾ ಲೆಕ್ಕವಿದೆ. ಬರೆಯಲು ಬಾಕಿಯಿರುವ ಪುಟಗಳಿಗೆ ಡರ್ಟಿ ಎಂದು ಹೆಸರು, ಅಂದರೆ ಮೈಲಿಗೆ ಪುಟಗಳು. ಇವು ಬಳಕೆಗೆ ಸಿಗುವ ಮೆಮೊರಿಯ ಶೇಕಡಾ 10 ದಾಟಿದರೆ ಹಿನ್ನೆಲೆಯಲ್ಲಿ ಬರೆಯುವ ಕೆಲಸ ಶುರುವಾಗುತ್ತದೆ. ಶೇಕಡಾ 20 ಮುಟ್ಟಿದರೆ ಬರೆಯುವವನನ್ನೇ ತಡೆದು ನಿಲ್ಲಿಸಲಾಗುತ್ತದೆ. 30 ಸೆಕೆಂಡಿಗಿಂತ ಹಳೆಯದಾದ ಪುಟವನ್ನು ಹೇಗೂ ಬರೆಯಬೇಕು ಎಂಬ ನಿಯಮವೂ ಇದೆ. ಅಪ್‌ಡೇಟ್ ಮಹಾಶಯನ ಅದೇ 30.

ಮೆಮೊರಿ 64 ಮೆಗಾಬೈಟ್ ಇದ್ದಾಗ ಶೇಕಡಾ 20 ಎಂದರೆ 13 ಮೆಗಾಬೈಟಿಗೂ ಕಡಿಮೆ, ಯಾವ ಡಿಸ್ಕಾದರೂ ಬೇಗ ನುಂಗುತ್ತದೆ. ಮೆಮೊರಿ 16 ಜಿಬಿ ಇದ್ದರೆ ಅದೇ ಶೇಕಡಾ 20 ಹತ್ತಿರಹತ್ತಿರ 3 ಜಿಬಿ. ಸೆಕೆಂಡಿಗೆ 8 ಮೆಗಾಬೈಟ್ ಬರೆಯುವ ಅಗ್ಗದ ಪೆನ್‌ಡ್ರೈವಿಗೆ 3 ಜಿಬಿ ಇಳಿಸಲು ಆರು ನಿಮಿಷಕ್ಕೂ ಮೇಲೆ ಬೇಕು. ಅಷ್ಟು ಹೊತ್ತೂ ಪರದೆ "ಆಯಿತು" ಎಂದೇ ಹೇಳಿರುತ್ತದೆ, ಕಳಚುವ ಗುಂಡಿ ಮಾತ್ರ ಅಲ್ಲಾಡುವುದಿಲ್ಲ. 2013ರಲ್ಲಿ ಕರ್ನಲ್ ಕಟ್ಟುವವರ ನಡುವೆ ಇದರ ಮೇಲೆ ದೊಡ್ಡ ಚರ್ಚೆ ನಡೆಯಿತು. 32 ಬಿಟ್ ಕರ್ನಲಿನಲ್ಲಿ ಈ ಶೇಕಡಾವನ್ನು ಮೆಮೊರಿಯ ಕೆಳಗಿನ ಒಂದು ಭಾಗದ ಮೇಲೆ ಮಾತ್ರ ಎಣಿಸುತ್ತಿದ್ದರಿಂದ ತೊಂದರೆ ಕಾಣದೆ ಉಳಿದಿತ್ತು. 64 ಬಿಟ್ಟಿಗೆ ಬಂದ ಮೇಲೆ ಪೂರ್ತಿ ಮೆಮೊರಿ ಲೆಕ್ಕಕ್ಕೆ ಬಂತು. ಶೇಕಡಾ ಲೆಕ್ಕ 8ರಿಂದ 64 ಮೆಗಾಬೈಟಿನ ಕಾಲದ್ದು, ಈಗ ಅದಕ್ಕೆ ಅರ್ಥವಿಲ್ಲ ಎಂಬುದು ಲೈನಸ್ ಟೊರ್ವಾಲ್ಡ್ಸ್ ಅವರ ನಿಲುವಾಗಿತ್ತು. ಆ ಮೇಲೆ ಒಂದೊಂದು ಡಿಸ್ಕಿಗೂ ಬೇರೆ ಮಿತಿ ಹಾಕುವ ಸಾಧನಗಳು ಬಂದಿವೆ. ಆದರೆ 10 ಮತ್ತು 20 ಇಂದಿಗೂ ಮೂಲಸ್ಥಿತಿಯಲ್ಲಿ ಹಾಗೇ ಕೂತಿವೆ. ದೊಡ್ಡ ಸರ್ವರುಗಳಿಗೆ ಅದೇ ಹಿತ. ರಬಾಳೆಯ ಆ ಕಿಟಕಿಯಿಲ್ಲದ ಕಟ್ಟಡಗಳಲ್ಲಿ ಡಿಸ್ಕು ವೇಗದ್ದು, ಕರೆಂಟು ಹೋಗುವುದಿಲ್ಲ, ಯಾರೂ ರೈಲು ಹಿಡಿಯಲು ಡಿಸ್ಕು ಕಿತ್ತುಕೊಂಡು ಓಡುವುದಿಲ್ಲ. ಅವರಿಗೆ ಹೊಲಿದ ಅಂಗಿಯನ್ನು ನಾವೂ ತೊಡುತ್ತಿದ್ದೇವೆ ಎಂದು ನನ್ನ ದೂರು.

ನನ್ನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 8 ಜಿಬಿ ಮೆಮೊರಿ. ಬಾಕಿ ಉಳಿದದ್ದು ಒಂದು ಜಿಬಿಯ ಒಳಗೇ ಇದ್ದಿರಬೇಕು. ಸಾಮಾನ್ಯ ಡಿಸ್ಕಾಗಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಡಿಸ್ಕು ಎಸ್‌ಎಂಆರ್ ಬಗೆಯದು ಎಂದು ಆಮೇಲೆ ತಿಳಿಯಿತು. ಮಂಗಳೂರು ಹೆಂಚಿನ ಮಾಡಿನ ಹಾಗೆ ಇದರಲ್ಲಿ ಬರೆಯುವ ಸಾಲುಗಳು ಒಂದರ ಮೇಲೊಂದು ಅಂಚು ಹೊದ್ದಿರುತ್ತವೆ. 2013ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಈ ಉಪಾಯದಿಂದ ಅದೇ ತಟ್ಟೆಯಲ್ಲಿ ಹೆಚ್ಚು ಹಿಡಿಸುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲೆ ಹೊದ್ದ ಸಾಲನ್ನೆಲ್ಲ ಎತ್ತಬೇಕು. ಮೊದಲು ಒಂದಿಷ್ಟನ್ನು ಡಿಸ್ಕು ತನ್ನ ಅಂಗಳದಲ್ಲಿ ಬೇಗಬೇಗ ಇಟ್ಟುಕೊಳ್ಳುತ್ತದೆ. ಅಂಗಳ ತುಂಬಿದ ಮೇಲೆ ವೇಗ ಕುಸಿಯುತ್ತದೆ. 22 ಜಿಬಿಯ ಕೊನೆಯ ಭಾಗ ಸಿಕ್ಕಿಬಿದ್ದದ್ದು ಅಲ್ಲಿ ಎಂದು ನನ್ನ ಊಹೆ.

ಕರೆಂಟು ಹೋದ ಮೇಲೆ ಕತ್ತಲಿನಲ್ಲಿ ಟರ್ಮಿನಲ್ ತೆರೆದು ನೋಡಿದೆ. ಯುಮೌಂಟ್ ಪ್ರಕ್ರಿಯೆಯ ಸ್ಥಿತಿಯ ಜಾಗದಲ್ಲಿ ಡಿ ಎಂಬ ಅಕ್ಷರ. ಕಿಲ್ ಆಜ್ಞೆಯ ಅತ್ಯಂತ ಕ್ರೂರ ರೂಪ, 9ನೆಯ ಸಂಕೇತ, ಕೊಟ್ಟೆ. ಅದು ಕೇಳಿಸಿಕೊಳ್ಳಲಿಲ್ಲ. ಇದಕ್ಕೂ ಒಂದು ವಂಶಾವಳಿ ಇದೆ. ಆರನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಮಲಗುವ ಪ್ರಕ್ರಿಯೆಗಳು ಎರಡು ಬಗೆ. ಟೈಪ್ ಮಾಡುವವನಿಗಾಗಿ ಕಾಯುವುದು ಎಷ್ಟು ಹೊತ್ತಾದರೂ ಆಗಬಹುದು, ಆದ್ದರಿಂದ ಅದನ್ನು ಎಬ್ಬಿಸಬಹುದು. ಡಿಸ್ಕಿಗಾಗಿ ಕಾಯುವುದು ಕಣ್ಣು ಮಿಟುಕಿಸುವಷ್ಟರ ಕೆಲಸ, ಅದನ್ನು ನಡುವೆ ಎಬ್ಬಿಸಿದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ಯಾರ ಕೂಗೂ ಅದಕ್ಕೆ ಕೇಳಿಸಬಾರದು. ಡಿಸ್ಕು ಉತ್ತರ ಕೊಟ್ಟೇ ಕೊಡುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಡಿಸ್ಕು ಯಂತ್ರದ ಹೊಟ್ಟೆಯೊಳಗೇ ಇದ್ದ ಕಾಲಕ್ಕೆ ಅದು ಸರಿ. ಯುಎಸ್‌ಬಿ ವೈರಿನ ತುದಿಯಲ್ಲಿ, ಬೇರೆ ಅಡಾಪ್ಟರಿಗೆ ಜೋತುಬಿದ್ದ ಡಿಸ್ಕಿಗೆ ಆ ನಂಬಿಕೆ ಸಲ್ಲದು. 2008ರಲ್ಲಿ ಮ್ಯಾಥ್ಯೂ ವಿಲ್ಕಾಕ್ಸ್ ಎಂಬವರು ಸಾಯಿಸಲಾದರೂ ಬರುವ ಒಂದು ಮೂರನೆಯ ನಿದ್ದೆಯನ್ನು 2.6.25 ಕರ್ನಲಿಗೆ ಸೇರಿಸಿದರು. ಕರ್ನಲಿನ ಎಲ್ಲ ಮೂಲೆಗೂ ಅದು ತಲುಪಿಲ್ಲ.

ಎರಡು ಗಂಟೆಯ ಮೇಲೆ ಕರೆಂಟು ಬಂತು. ಡಿಸ್ಕು ತಿರುಗಿತು, ಆದರೆ ಲಿನಕ್ಸ್ ಅದನ್ನು ಹಳಬನೆಂದು ಗುರುತಿಸಲಿಲ್ಲ. ಹೋದದ್ದು ಎಸ್‌ಡಿಬಿ, ಬಂದದ್ದು ಎಸ್‌ಡಿಸಿ. ಹಳೆಯ ಹೆಸರಿನ ಪ್ರೇತ ಇನ್ನೂ ಏರಿಕೊಂಡೇ ಇತ್ತು, ಬಾಕಿ ಪುಟಗಳೆಲ್ಲ ಆ ಪ್ರೇತದ ಹೆಸರಿನಲ್ಲಿದ್ದವು. ಕರ್ನಲಿನ ದಿನಚರಿಯಲ್ಲಿ ಪುಟ ಬರೆಯುವುದು ಕಳೆದುಹೋಯಿತು ಎಂಬ ಸಾಲು ಸಾಲು ಸಾಲು. ಮರುಚಾಲೂ ಮಾಡಿ ಹೊಸದಾಗಿ ಏರಿಸಿ ನೋಡಿದರೆ ಕಡತಗಳ ಹೆಸರುಗಳೆಲ್ಲ ಇದ್ದವು. ಮೊದಲು ಎದೆ ಹಗುರವಾಯಿತು. ಆಮೇಲೆ ಗಾತ್ರ ನೋಡಿದೆ. ಕೊನೆಯ 212ರ ಮುಂದೆ ಸೊನ್ನೆ. ಎಕ್ಸ್ಟ್4 ಎಂಬ ಕಡತ ವ್ಯವಸ್ಥೆ ಹೆಸರನ್ನು ಮೊದಲು ಬರೆದು, ಒಳಗಿನದಕ್ಕೆ ಜಾಗ ಗೊತ್ತುಮಾಡುವುದನ್ನು ಕೊನೆಯ ಗಳಿಗೆಯವರೆಗೆ ಮುಂದೂಡುತ್ತದೆ. 2009ರಲ್ಲಿ ಇದೇ ಕಾರಣಕ್ಕೆ ಸೊನ್ನೆ ಗಾತ್ರದ ಕಡತಗಳ ದೊಡ್ಡ ಗಲಾಟೆ ಆಗಿತ್ತು. ಹಾಜರಿ ಪುಸ್ತಕದಲ್ಲಿ ಹುಡುಗರ ಹೆಸರಿದೆ, ಬೆಂಚು ಖಾಲಿ.

ಲ್ಯಾಪ್‌ಟಾಪಿನಿಂದ ಅವು ಆಗಲೇ ಅಳಿದಿದ್ದವು. ಸಾಗಿಸುವಾಗ ಒಂದೊಂದು ಕಡತ "ಬರೆದಾಯಿತು" ಎಂದ ಕೂಡಲೇ ಮೂಲವನ್ನು ಅಳಿಸುತ್ತ ಹೋಗಿತ್ತು. ಅಳಿದದ್ದನ್ನು ಹುಡುಕುವ ಫೋಟೋರೆಕ್ ಓಡಿಸಿದೆ. ಒಳಗಿದ್ದದ್ದು ಎಸ್‌ಎಸ್‌ಡಿ, ಖಾಲಿಯಾದ ಜಾಗವನ್ನು ಅದು ಟ್ರಿಮ್ ಮಾಡಿ ಒರೆಸಿಯಾಗಿತ್ತು. ಫೋನಿನಿಂದ ನಾನೇ ಅಳಿಸಿದ್ದೆ.

ಓದುಗರಲ್ಲಿ ಕೆಲವರಿಗಾದರೂ ಈ ನಿಂತುಹೋದ ಸೂಚನೆಯ ಪರಿಚಯ ಇರುತ್ತದೆ. ಅವರಿಗಾಗಿ, ನಾನು ಆಮೇಲೆ ಕಲಿತದ್ದು. ಡಿಸ್ಕು ಬಿಡದಿದ್ದರೆ ಕೈ ಕಟ್ಟಿ ಕೂರುವ ಬದಲು ಪ್ರೊಕ್ ಕೆಳಗಿನ ಮೆಮ್‌ಇನ್ಫೋ ಕಡತ ತೆರೆದು ಡರ್ಟಿ ಮತ್ತು ರೈಟ್‌ಬ್ಯಾಕ್ ಎಂಬ ಎರಡು ಸಾಲು ನೋಡಿ. ಸಂಖ್ಯೆ ಇಳಿಯುತ್ತಿದ್ದರೆ ಡಿಸ್ಕು ಜೀವಂತ, ಬರೆಯುತ್ತಿದೆ. ಚಹಾ ಕುಡಿದು ಬನ್ನಿ. ಬಿಡುವಿಲ್ಲ ಎಂದು ಉತ್ತರ ಬಂದರೆ ಯಾವುದೋ ಕಿಟಕಿ ಆ ಡಿಸ್ಕಿನ ಕಡತ ಹಿಡಿದು ಕೂತಿದೆ, ಎಲ್‌ಸಾಫ್ ಅಥವಾ ಫ್ಯೂಸರ್ ಅದರ ಹೆಸರು ಹೇಳುತ್ತದೆ. ಎಷ್ಟೋ ಸಲ ಕಳ್ಳ ನೀವೇ, ಟರ್ಮಿನಲ್ ಆ ಡಿಸ್ಕಿನ ಒಳಗೇ ನಿಂತಿರುತ್ತದೆ. ಸಂಖ್ಯೆ ನಿಮಿಷಗಟ್ಟಲೆ ಅಲ್ಲಾಡದಿದ್ದರೆ ಡಿಎಂಇಎಸ್‌ಜಿ ನೋಡಿ. ಅಲ್ಲಿ ಯುಎಸ್‌ಬಿ ರೀಸೆಟ್ ಎಂದು ಮತ್ತೆ ಮತ್ತೆ ಬರುತ್ತಿದ್ದರೆ, 120 ಸೆಕೆಂಡಿನಿಂದ ಸಿಕ್ಕಿಬಿದ್ದಿದೆ ಎಂಬ ದೂರು ಇದ್ದರೆ, ಕಾಯಿಲೆ ವೈರಿನದು, ಕರೆಂಟಿನದು, ಇಲ್ಲವೇ ಡಿಸ್ಕು ಮತ್ತು ಯುಎಸ್‌ಬಿ ನಡುವೆ ಕೂತ ಸೇತುವೆ ಚಿಪ್ಪಿನದು. ಕೆಲವು ಚಿಪ್ಪುಗಳು ಯುಎಎಸ್ ಎಂಬ ಹೊಸ ಭಾಷೆ ಬರುತ್ತದೆಂದು ಹೇಳಿ ನಡುವೆ ತೊದಲುತ್ತವೆ. ಅಂಥವಕ್ಕೆ ಹಳೆಯ ಭಾಷೆಯಲ್ಲೇ ಮಾತಾಡು ಎಂದು ಕರ್ನಲಿಗೆ ಹೇಳಿಕೊಡಬಹುದು. ಯುಮೌಂಟ್‌ಗೆ ಸೋಮಾರಿ ಎಂಬ ಒಂದು ಆಯ್ಕೆ ಇದೆ, ಎಲ್ ಅಕ್ಷರದ್ದು. ಅದು ಹೆಸರನ್ನು ಪಟ್ಟಿಯಿಂದ ತೆಗೆಯುತ್ತದೆ, ಬರೆಯುವುದನ್ನು ಮುಗಿಸುವುದಿಲ್ಲ. ಸಮಾಧಾನಕ್ಕೆ ಅದನ್ನು ಬಳಸಿ ಡಿಸ್ಕು ಕಿತ್ತವರು ಬಹಳ ಜನ ಇದ್ದಾರೆ. ನಾನು ಈಗ ಡರ್ಟಿ ಮಿತಿಯನ್ನು ಶೇಕಡಾದಲ್ಲಿ ಇಡದೆ ಬೈಟ್‌ನಲ್ಲೇ ಇಟ್ಟಿದ್ದೇನೆ: ಹಿನ್ನೆಲೆಗೆ 16 ಮೆಗಾಬೈಟ್, ತಡೆಯುವುದಕ್ಕೆ 48. ಹಸಿರು ಪಟ್ಟಿ ಈಗ ನಿಧಾನವಾಗಿ ಓಡುತ್ತದೆ, ಹೆಚ್ಚುಕಡಿಮೆ ನಿಜ ಹೇಳುತ್ತದೆ. ಕತ್ತರಿಸಿ ಅಂಟಿಸುವುದನ್ನು ಬಿಟ್ಟಿದ್ದೇನೆ.

ಮಾಮನಿಗೆ ವಿಷಯ ಹೇಳಲು ನಾಲ್ಕು ದಿನ ಬೇಕಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. "ಯಾವ ರಿಜಿಸ್ಟರು?" ಎಂದು ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಡಿಸೆಂಬರಿನಲ್ಲಿ ಡೊಂಬಿವಲಿಗೆ ಹೋದಾಗ ಉದ್ದ ಗೆರೆಯ ಹೊಸ ನೋಟುಬುಕ್ಕೊಂದು ಮೇಜಿನ ಮೇಲಿತ್ತು. ಆ ವರ್ಷಗಳ ಹುಡುಗರಲ್ಲಿ ನೆನಪಿಗೆ ಬಂದವರನ್ನು ಮಾಮ ಹಳೆಯ ಕ್ರಮದಲ್ಲೇ ಬರೆಯುತ್ತಿದ್ದರು: ಹೆಸರು, ಊರು, ಹೋಟೆಲು. ಬಂದ ದಿನ, ಬಿಟ್ಟ ದಿನದ ಕಾಲಂಗಳನ್ನು ಖಾಲಿ ಬಿಟ್ಟಿದ್ದರು. 63 ಹೆಸರಾಗಿದ್ದವು. ಪುಡಿಯಾದ ರಿಜಿಸ್ಟರಿನ ತುಂಡುಗಳನ್ನು ಅತ್ತೆ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಅವುಗಳಲ್ಲಿ ಓದಲು ಬಂದ ಊರ ಹೆಸರುಗಳನ್ನು ಹಿಡಿದು ಇನ್ನು ಒಂಬತ್ತು ಹುಡುಗರು ಸಿಕ್ಕರು.

ನೋಟುಬುಕ್ಕಿನ ಹಾಳೆಗಳನ್ನು ಅಲ್ಲೇ ಫೋಟೋ ಹಿಡಿದು ಡಿಸ್ಕಿಗೆ ನಕಲು ಮಾಡಿ ಕಳಚುವ ಗುಂಡಿ ಒತ್ತಿದೆ. ಮಾಮ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತರು. ಡರ್ಟಿ ಸಾಲು ಇಳಿಯುತ್ತ ಇಳಿಯುತ್ತ ಹೋಯಿತು.

"ಸೊನ್ನೆ ಆಯ್ತಲ್ಲ, ತೆಗಿಯುದಾ?" ಎಂದೆ.

"ರೈಟ್‌ಬ್ಯಾಕ್ ಅಂತ ಇನ್ನೊಂದುಂಟಲ್ಲ, ಅದನ್ನೂ ನೋಡು" ಎಂದರು ಮಾಮ.